ಚಂದ್ರಲೋಕದ ಮರುಪಯಣ ಮತ್ತು ದಾರಿಯ ಬುತ್ತಿ

ಚಂದಿರನನ್ನು ತೋರಿಸಿ ಮಗುವಿಗೆ ತುತ್ತು ಉಣಿಸದ ತಾಯಿ ನಮ್ಮ ನಾಡಿನಲ್ಲಿ ಇರಲಾರಳು. ಹುಣ್ಣಿಮೆ ಅಮಾವಾಸ್ಯೆಗಳನ್ನು ನೋಡಿಯೇ ನಮ್ಮ ಒಕ್ಕಲಿಗರು ಜಾತ್ರೆಗೆ ಚಕ್ಕಡಿ ಹೂಡುತ್ತಾರೆ, ಮಠಗಳಲ್ಲಿ ಶಿವಾನುಭವ ಗೋಷ್ಠಿಗಳು ನಡೆಯುತ್ತವೆ, ಎಲ್ಲಮ್ಮನ ಗುಡ್ಡಕ್ಕೆ ಭಕ್ತಜನ ಸಾಗರವಾಗಿ ಹರಿಯುತ್ತಾರೆ. ನಾವು ಮಠದ ಪಾಠಶಾಲೆಯಲ್ಲಿ ಕಲಿಯುತ್ತಿದ್ದಾಗ ಗುರುಗಳು ತಿಥಿಯ ಗಣಿತವನ್ನು ನೆಲದ ಮೇಲೆ ಸುಣ್ಣದಿಂದ ಬರೆದು ತಿಳಿಸಿಕೊಡುತ್ತಿದ್ದರು. ಸೂರ್ಯನಿಂದ ಚಂದ್ರನು ಹನ್ನೆರಡು ಅಂಶ ದೂರ ಸರಿದರೆ ಒಂದು ತಿಥಿ. ಇಂತಹ ಮೂವತ್ತು ತಿಥಿಗಳಾದರೆ ಒಂದು ಚಾಂದ್ರಮಾಸ. ಹೀಗೆ ಲೆಕ್ಕಕ್ಕೆ ಸಿಕ್ಕ ಚಂದ್ರನು ಕಾಲಿಗೂ ಸಿಕ್ಕನೆಂಬ ಸುದ್ದಿಯನ್ನು 1969 ರ ಜುಲೈಯಲ್ಲಿ ಊರ ಚಾವಡಿಯ ರೇಡಿಯೋ ಬಿತ್ತರಿಸಿದಾಗ ನಾವಿನ್ನೂ ಅಕ್ಷರಾಭ್ಯಾಸದ ಬಾಲಕರು. ಹಿರಿಯರಲ್ಲಿ ಕೆಲವರು ನಂಬಿದರು, ಕೆಲವರು ನಕ್ಕರು.

ಅಂದಿನಿಂದ 1972 ರ ಡಿಸೆಂಬರಿನವರೆಗೆ ಅಮೆರಿಕೆಯ ಹನ್ನೆರಡು ಜನ ಚಂದ್ರನ ನೆಲದ ಮೇಲೆ ನಡೆದಾಡಿ ಬಂದರು. ನಮ್ಮ ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದು ನಿಂತದ್ದೂ ಸುಮಾರಿಗೆ ಅದೇ ಕಾಲದಲ್ಲಿ. ಆ ಬಳಿಕ ಅರ್ಧ ಶತಮಾನ ಕಳೆದರೂ ಮತ್ತೊಬ್ಬ ಮನುಷ್ಯ ಆ ನೆಲದ ಮೇಲೆ ಕಾಲೂರಿಲ್ಲ. ಒಮ್ಮೆ ಹೋಗಿ ಬಂದ ಊರಿಗೆ ಮರಳಿ ಹೋಗುವುದು ಇಷ್ಟು ಕಠಿಣವಾದುದೇಕೆ? ಈ ಪ್ರಶ್ನೆಯನ್ನು ನಮ್ಮಲ್ಲಿ ಬಿತ್ತಿದವಳು ಪ್ರಸಾದನಿಲಯದ ಒಬ್ಬ ಬಾಲಕಿ.

ಶ್ರಾವಣದ ಆ ಸಂಜೆ

2023 ರ ಆಗಸ್ಟ್ 23, ಬುಧವಾರ. ನಿಜ ಶ್ರಾವಣ ಶುದ್ಧ ಸಪ್ತಮಿ. ನಾಗರ ಪಂಚಮಿ ಕಳೆದು ಎರಡೇ ದಿನಗಳಾಗಿದ್ದು, ಮನೆಮನೆಯಲ್ಲಿ ಶೇಂಗಾ ಉಂಡಿ, ತಂಬಿಟ್ಟು, ಅರಳು ಇನ್ನೂ ತೀರಿರಲಿಲ್ಲ. ಆ ವರ್ಷ ಮಳೆ ಕೈಕೊಟ್ಟಿತ್ತು. ಎರೆ ಹೊಲಗಳಲ್ಲಿ ಹೆಸರು ಬಾಡಿತ್ತು, ಮುಗಿಲು ಬರಿದಾಗಿತ್ತು. ಬೈಲಹೊಂಗಲ ತಾಲೂಕಿನ ಒಂದು ಹಳ್ಳಿಯ ಮಠದಲ್ಲಿ ಶ್ರಾವಣ ಮಾಸದ ಪ್ರವಚನಕ್ಕೆಂದು ನಾವು ಬಂದಿಳಿದಿದ್ದೆವು. ಅಂದು ಪ್ರವಚನವನ್ನು ಒಂದು ತಾಸು ಮುಂದಕ್ಕೆ ಹಾಕಿ, ದೂರದರ್ಶನದ ಪೆಟ್ಟಿಗೆಯನ್ನು ಮಠದ ಪಡಸಾಲೆಯಲ್ಲಿ ಇರಿಸಲಾಯಿತು. ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ರ ‘ವಿಕ್ರಮ್’ ಚಂದ್ರನ ದಕ್ಷಿಣದ ನೆಲವನ್ನು ಮೆಲ್ಲಗೆ ಮುಟ್ಟಿದಾಗ ಪಡಸಾಲೆಯಲ್ಲಿ ಎದ್ದ ಹರ್ಷೋದ್ಗಾರವನ್ನು ಅಂಗಳದ ಬೇವಿನ ಮರವೂ ಕೇಳಿರಬೇಕು. ಹೊರಗೆ ಬಂದು ನೋಡಿದರೆ ಅರ್ಧಚಂದ್ರನು ಎಂದಿನಂತೆ ಪ್ರಶಾಂತನಾಗಿ ಆಗಸದಲ್ಲಿದ್ದನು.

ಆಗ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ನಮ್ಮ ಬಳಿಗೆ ಬಂದು, “ಶಾಸ್ತ್ರೀ ಅಜ್ಜಾರ, ಮಷೀನೇನೋ ಹೋತ್ರಿ. ಮನಷ್ಯಾರು ಹೋದ್ರ ಹೊಳ್ಳಿ ಹೆಂಗ ಬರತಾರ್ರೀ?” ಎಂದು ಕೇಳಿದಳು. ಕುಣಿದಾಡುತ್ತಿದ್ದ ಮಕ್ಕಳ ನಡುವೆ ಈಕೆಯೊಬ್ಬಳಿಗೆ ಹಿಂದಿರುಗುವ ಚಿಂತೆ. ನಮಗೆ ತತ್‌ಕ್ಷಣ ಉತ್ತರ ಹೊಳೆಯಲಿಲ್ಲ. “ತಿಳಿದು ಹೇಳತೀನಿ, ತಂಗಿ” ಎಂದೆವು. ಅಂದು ಕೊಟ್ಟ ಆ ಮಾತೇ ಈ ಲೇಖನದ ಮೂಲ.

ಬುತ್ತಿಯ ಲೆಕ್ಕ

ಹಿಂದೆ ರಾಮದುರ್ಗದ ಕಡೆಯಿಂದ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳನ್ನು ಕಂಡವರಿಗೆ ಈ ವಿಷಯ ಸುಲಭವಾಗಿ ತಿಳಿಯುತ್ತದೆ. ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಹೊರಟ ಕುಟುಂಬ ಕಟಕು ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ನೀರಿನ ಕೊಡ, ಎತ್ತುಗಳಿಗೆ ಮೇವು ಎಲ್ಲವನ್ನೂ ಹೇರಿಕೊಳ್ಳುತ್ತಿತ್ತು. ದಾರಿಯಲ್ಲಿ ಬಾವಿಯಿತ್ತು, ಊರಿತ್ತು, ಕೇಳಿದರೆ ಕೊಡುವ ಕೈಯಿತ್ತು. ಇವು ಯಾವುವೂ ಇಲ್ಲದ ದಾರಿಯನ್ನು ಊಹಿಸಿಕೊಳ್ಳಿ. ಹೋಗಿ ಬರುವಷ್ಟು ಮೇವನ್ನು ಮೊದಲೇ ಹೇರಬೇಕು. ಮೇವು ಹೆಚ್ಚಾದರೆ ಭಾರ ಹೆಚ್ಚು. ಭಾರ ಹೆಚ್ಚಾದರೆ ಇನ್ನೊಂದು ಜೊತೆ ಎತ್ತು ಬೇಕು. ಆ ಎತ್ತುಗಳಿಗೆ ಮತ್ತಷ್ಟು ಮೇವು ಬೇಕು. ರಾಕೆಟ್ಟಿನ ಗಣಿತವೆಲ್ಲ ಈ ಬಿಡಿಸಲಾಗದ ಸುತ್ತಿನಲ್ಲಿಯೇ ಇದೆ.

ಚಂದ್ರಯಾನ-3 ನ್ನು ಹೊತ್ತು ಶ್ರೀಹರಿಕೋಟೆಯಿಂದ 2023 ರ ಜುಲೈ 14 ರಂದು ಮೇಲೆದ್ದ ನಮ್ಮ ರಾಕೆಟ್ಟಿನ ತೂಕ ಸುಮಾರು 640 ಟನ್. ಅದು ಹೊತ್ತೊಯ್ದ ನೌಕೆಯ ತೂಕ ನಾಲ್ಕು ಟನ್ನಿಗೂ ಕಡಿಮೆ. ಅದರಲ್ಲಿ ಚಂದ್ರನತ್ತ ಇಳಿಯಲು ಹೊರಟ ವಿಕ್ರಮ್‌ನ ತೂಕ, 26 ಕಿಲೋಗ್ರಾಮಿನ ‘ಪ್ರಜ್ಞಾನ್’ ಬಂಡಿಯನ್ನೂ ಸೇರಿಸಿ, ಒಂದೂ ಮುಕ್ಕಾಲು ಟನ್. ಅದರಲ್ಲಿಯೂ ಬಹುಪಾಲು ಇಳಿಯುವಾಗಲೇ ಉರಿದುಹೋದ ಇಂಧನ. ಇದು ಮರಳಿ ಬರಬೇಕಿಲ್ಲದ ಯಂತ್ರದ ಲೆಕ್ಕ. ಮೂವರು ಮನುಷ್ಯರನ್ನು ಒಯ್ದು ಮರಳಿ ತರಲು ಅಪೊಲೋ ಕಾಲದ ‘ಸ್ಯಾಟರ್ನ್-5’ ರಾಕೆಟ್ಟು 110 ಮೀಟರ್ ಎತ್ತರ, ಸುಮಾರು 2,900 ಟನ್ ತೂಕದ್ದಾಗಿರಬೇಕಾಯಿತು. ಅಷ್ಟು ದೊಡ್ಡ ಗೋಪುರದಲ್ಲಿ ಕೊನೆಗೆ ಮನೆ ಸೇರಿದ್ದು ಆರು ಟನ್ನಿಗೂ ಕಡಿಮೆ ತೂಕದ, ಮೂವರು ಕೂಡುವಷ್ಟೇ ಜಾಗದ ಒಂದು ಗೂಡು.

ಈಗ ಯೋಜಿಸಿರುವ ಯಾತ್ರೆಗಳಲ್ಲಿ ಹೆಚ್ಚು ಭಾರ ಒಯ್ದು, ಹೆಚ್ಚು ದಿನ ತಂಗಬೇಕೆಂಬ ಹಂಬಲವಿದೆ. ಆದುದರಿಂದ ಒಂದೇ ಸಲಕ್ಕೆ ಎಲ್ಲವನ್ನೂ ಹೊರದೆ, ಇಂಧನವನ್ನು ಬೇರೆ ರಾಕೆಟ್ಟುಗಳಲ್ಲಿ ಕಳಿಸಿ, ಆಕಾಶದಲ್ಲಿಯೇ ಒಂದು ನೌಕೆಯಿಂದ ಇನ್ನೊಂದಕ್ಕೆ ತುಂಬಿಕೊಳ್ಳುವ ಉಪಾಯವನ್ನು ಅಮೆರಿಕದವರು ಹೂಡಿದ್ದಾರೆ. ಅತಿ ಶೀತಲ ದ್ರವಗಳನ್ನು ತೂಕವಿಲ್ಲದ ಸ್ಥಿತಿಯಲ್ಲಿ ಹೀಗೆ ಸಾಗಿಸುವುದು ಹೇಳಿದಷ್ಟು ಸುಲಭವಲ್ಲ.

ಕೈಬಿಟ್ಟ ವಿದ್ಯೆ

ಒಮ್ಮೆ ಮಾಡಿದ್ದನ್ನೇ ಮತ್ತೆ ಮಾಡಬಾರದೇಕೆ ಎಂದು ಹಲವರು ಕೇಳುತ್ತಾರೆ. ಇದಕ್ಕೆ ಉತ್ತರ ನಮ್ಮ ಊರುಗಳಲ್ಲಿಯೇ ಇದೆ. ಮರದ ಗಾಲಿಗೆ ಕಾಯಿಸಿದ ಕಬ್ಬಿಣದ ಪಟ್ಟಿ ತೊಡಿಸುವ ಬಡಿಗ ಕಮ್ಮಾರರು ಮೊದಲು ಊರೂರಿಗೂ ಇದ್ದರು. ಇಂದು ಟ್ರ್ಯಾಕ್ಟರು ಬಂದಿದೆ. ಹಳೆಯ ಚಕ್ಕಡಿಯೊಂದು ಕಣ್ಣೆದುರಿಗೇ ಇದ್ದರೂ ಅಂತಹುದನ್ನೇ ಮಾಡಿಕೊಡುವ ಕೈಗಳನ್ನು ಹುಡುಕಿಕೊಂಡು ಹೋಗಬೇಕಾಗಿದೆ. ಸ್ಯಾಟರ್ನ್ ರಾಕೆಟ್ಟಿನ ನಕ್ಷೆಗಳು ಉಳಿದಿವೆ. ಆದರೆ ಅದರ ಬಿಡಿಭಾಗಗಳನ್ನು ಮಾಡುತ್ತಿದ್ದ ಕಾರ್ಖಾನೆಗಳು, ಅಚ್ಚುಗಳು, ಬೆಸುಗೆಯ ಹದ ಬಲ್ಲ ಕುಶಲಿಗಳು ಚದುರಿಹೋದರು. ಬರೆಯದೆ ಉಳಿದ ಅರಿವು ಬಲ್ಲವರೊಂದಿಗೇ ಹೋಗುತ್ತದೆ. ಕಾಯಕವೆಂಬುದು ಕೈಯಿಂದ ಕೈಗೆ ದಾಟದಿದ್ದರೆ ಒಂದು ತಲೆಮಾರಿನಲ್ಲಿಯೇ ಬತ್ತುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಕಿಲ್ಲ.

ಇನ್ನೊಂದು ಕಾರಣ ಹಣ. 1966 ರ ಸುಮಾರಿಗೆ ಅಮೆರಿಕದ ಕೇಂದ್ರ ಸರಕಾರವು ತನ್ನ ಒಟ್ಟು ವೆಚ್ಚದ ನೂರಕ್ಕೆ ನಾಲ್ಕಕ್ಕೂ ಹೆಚ್ಚು ಪಾಲನ್ನು ಬಾಹ್ಯಾಕಾಶ ಸಂಸ್ಥೆಗೆ ಕೊಡುತ್ತಿತ್ತು. ರಷ್ಯದೊಂದಿಗಿನ ಪೈಪೋಟಿಯ ಆ ಕಾವು ಆರಿದ ಮೇಲೆ ಅಂತಹ ಔದಾರ್ಯ ಮರಳಿ ಬರಲಿಲ್ಲ.

ಅಲ್ಲಿಯ ನೆಲ, ಹಗಲು, ಇರುಳು

ಮುಂಗಾರಿನಲ್ಲಿ ಬೈಲಹೊಂಗಲದ ಎರೆ ಹೊಲದಲ್ಲಿ ನಡೆದವರಿಗೆ ಮಣ್ಣು ಕಾಲನ್ನು ಹಿಡಿಯುವುದೆಂದರೇನೆಂದು ಗೊತ್ತು. ಚಂದ್ರನ ಧೂಳು ಇನ್ನೂ ಕ್ರೂರವಾದುದು. ಅಲ್ಲಿ ಗಾಳಿಯಿಲ್ಲ, ಹರಿಯುವ ನೀರಿಲ್ಲ. ಆದುದರಿಂದ ಕಣಗಳ ಅಂಚು ಸವೆದಿಲ್ಲ, ಒಡೆದ ಗಾಜಿನಂತೆ ಹರಿತವಾಗಿದೆ. ಅಪೊಲೋ ಯಾತ್ರಿಗಳ ಉಡುಪಿಗೆ ಅಂಟಿದ ಈ ಧೂಳು ಕೀಲುಗಳನ್ನು ಸವೆಸಿತು, ನೌಕೆಯೊಳಕ್ಕೂ ಬಂದಿತು. 1972 ರಲ್ಲಿ ಹೋದ ಭೂವಿಜ್ಞಾನಿ ಹ್ಯಾರಿಸನ್ ಶ್ಮಿಟ್ ಅವರಿಗೆ ಮೂಗು ಕಟ್ಟಿ ನೆಗಡಿಯಾದಂತಾಯಿತು. ಮೂರು ದಿನ ತಂಗಿದವರ ಪಾಡು ಇದು. ತಿಂಗಳುಗಟ್ಟಲೆ ಇರುವವರ ಶ್ವಾಸಕೋಶದ ಗತಿಯೇನೆಂಬುದು ವೈದ್ಯರ ಚಿಂತೆ.

ತಿಥಿ ಬಲ್ಲವರಿಗೆ ಅಲ್ಲಿಯ ಹಗಲಿರುಳು ಹೊಸದಲ್ಲ. ನಮ್ಮ ಒಂದು ಚಾಂದ್ರಮಾಸವೇ ಚಂದ್ರನ ಒಂದು ದಿನ. ಹಗಲು ಹದಿನಾಲ್ಕು ದಿನಕ್ಕಿಂತ ತುಸು ಹೆಚ್ಚು, ಇರುಳೂ ಅಷ್ಟೇ. ವಿಕ್ರಮ್ ಇಳಿದ ಜಾಗದಲ್ಲಿ ಶುದ್ಧ ಪಂಚಮಿಯ ಸುಮಾರಿಗೆ ಬೆಳಗಾಗಿ ಬಹುಳ ಪಂಚಮಿಯ ಸುಮಾರಿಗೆ ಕತ್ತಲಾಗುತ್ತದೆ. ಅದಕ್ಕೆಂದೇ ಬೆಳಗಾದ ಹೊಸತರಲ್ಲಿ ಅದನ್ನು ಇಳಿಸಿ, ಸಪ್ಟೆಂಬರ್ 4 ರಂದು ನಿದ್ರೆಗೆ ಕಳಿಸಿದರು. ಆ ಇರುಳಿನ ಚಳಿಯನ್ನು ತಾಳಿ ಅದು ಮತ್ತೆ ಏಳಲಿಲ್ಲ. ಮಲಗುವ ಮುನ್ನ ಅದು ತಿಳಿಸಿದ ಒಂದು ಸಂಗತಿ ಕುತೂಹಲಕರ: ಮೇಲ್ಮಣ್ಣಿನಲ್ಲಿ ಸುಮಾರು 70 ಡಿಗ್ರಿ ಕಾವಿದ್ದರೆ, ಗೇಣಿಗಿಂತ ಕಡಿಮೆ ಆಳದಲ್ಲಿ ಸೊನ್ನೆಗಿಂತ ಕೆಳಗಿನ ಚಳಿ! ಹಗೇವಿನಲ್ಲಿ ಜೋಳ ಕಾದಿಡುತ್ತಿದ್ದ ನಮ್ಮ ಹಿರಿಯರಂತೆ, ಅಲ್ಲಿಯೂ ಮನೆಗೆ ಮಣ್ಣಿನ ಹೊದಿಕೆಯೇ ರಕ್ಷೆಯಾದೀತೆಂದು ವಿಜ್ಞಾನಿಗಳು ಯೋಚಿಸುತ್ತಿರುವುದು ಅಚ್ಚರಿಯಲ್ಲ.

ಮಣ್ಣಿನ ಹೊದಿಕೆ ಇನ್ನೊಂದು ಕಾರಣಕ್ಕೂ ಬೇಕು. ಭೂತಾಯಿಯು ವಾಯುಮಂಡಲವನ್ನೂ ಕಾಂತಕ್ಷೇತ್ರವನ್ನೂ ಸೆರಗಿನಂತೆ ಹೊದಿಸಿ ನಮ್ಮನ್ನು ಕಾಯುತ್ತಾಳೆ; ಚಂದ್ರನಲ್ಲಿ ಆ ಸೆರಗಿಲ್ಲ. 1972 ರ ಆಗಸ್ಟಿನಲ್ಲಿ ಸೂರ್ಯನಿಂದ ಭೀಕರವಾದ ವಿಕಿರಣದ ಬಿರುಗಾಳಿ ಎದ್ದಿತು. ಆ ವರ್ಷದ ಒಂದು ಅಪೊಲೋ ತಂಡ ಏಪ್ರಿಲಿನಲ್ಲಿ ಮರಳಿತ್ತು, ಇನ್ನೊಂದು ಡಿಸೆಂಬರಿನಲ್ಲಿ ಹೊರಡಲಿತ್ತು. ನಡುವಿನ ಆ ತಿಂಗಳಲ್ಲಿ ಯಾರೂ ದಾರಿಯಲ್ಲಿ ಇರದಿದ್ದುದು ದೈವಕೃಪೆಯೆಂದೇ ಹೇಳಬೇಕು.

ಇಷ್ಟಿದ್ದರೂ ದಕ್ಷಿಣ ಧ್ರುವದತ್ತಲೇ ಎಲ್ಲರ ಕಣ್ಣು ನೆಟ್ಟಿರುವುದು ನೀರಿಗಾಗಿ. 2008 ರ ಅಕ್ಟೋಬರ್ 22 ರಂದು ಹೊರಟ ನಮ್ಮ ಚಂದ್ರಯಾನ-1, ಚಂದ್ರನ ಮೇಲೆ ನೀರಿನ ಕುರುಹನ್ನು ಜಗತ್ತಿಗೆ ತೋರಿಸಿತು. ಆ ನೌಕೆಯ ಕ್ಷೀಣವಾದ ದನಿಯನ್ನು ಆಲಿಸಿದ್ದು ಬೆಂಗಳೂರಿನ ಹೊರವಲಯದ ಬ್ಯಾಲಾಳು ಗ್ರಾಮದಲ್ಲಿ ನೆಲೆಗೊಳಿಸಿರುವ, 32 ಮೀಟರ್ ಅಗಲದ ಕುಳಿಯುಳ್ಳ ಆಂಟೆನಾ. ಧ್ರುವದ ಸಮೀಪ ಎಂದಿಗೂ ಬಿಸಿಲು ಬೀಳದ ಕುಣಿಗಳಲ್ಲಿ ಹಿಮ ಅಡಗಿದೆ. ಅದನ್ನು ಕರಗಿಸಿ ಕುಡಿಯಬಹುದು, ಒಡೆದು ಇಂಧನವನ್ನೂ ಮಾಡಬಹುದು. ಆದರೆ ಅಲ್ಲಿ ಸೂರ್ಯನು ದಿಗಂತವನ್ನು ಬಿಟ್ಟು ಮೇಲೇರುವುದಿಲ್ಲವಾದ್ದರಿಂದ ನೆರಳುಗಳು ಮೈಲುಗಟ್ಟಲೆ ಚಾಚುತ್ತವೆ. ಗುಂಡಿ ಯಾವುದು, ನೆರಳು ಯಾವುದೆಂದು ತಿಳಿಯದ ಅಂತಹ ನೆಲದಲ್ಲಿ ಮನುಷ್ಯರನ್ನು ಇಳಿಸುವುದು ಕತ್ತಿಯಂಚಿನ ನಡಿಗೆ.

ಮನೆ ಸೇರುವ ಹಾದಿ

ಬಾಲಕಿಯ ಪ್ರಶ್ನೆಗೆ ಈಗ ಬರೋಣ. ಚಂದ್ರನಿರುವುದು ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿ. ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಬಾಹ್ಯಾಕಾಶ ನಿಲ್ದಾಣದಲ್ಲಿ ಒಬ್ಬರಿಗೆ ಕಾಯಿಲೆಯಾದರೆ ತಾಸುಗಳ ಲೆಕ್ಕದಲ್ಲಿ ಕೆಳಗೆ ಇಳಿಸಬಹುದು. ಚಂದ್ರನಿಂದ ಬರಲು ಮೂರು ದಿನಗಳಾದರೂ ಬೇಕು. 1970 ರ ಏಪ್ರಿಲಿನಲ್ಲಿ ಅಪೊಲೋ-13 ರ ಆಮ್ಲಜನಕದ ತೊಟ್ಟಿ ದಾರಿಯಲ್ಲಿಯೇ ಸಿಡಿದಾಗ ಆ ಮೂವರು ಕೂಡಲೇ ತಿರುಗಿ ಬರುವಂತಿರಲಿಲ್ಲ. ಚಂದ್ರನನ್ನು ಸುತ್ತಿಯೇ, ಚಳಿಯಲ್ಲಿ ನಡುಗುತ್ತ ಮನೆ ಸೇರಿದರು.

ಮನೆಯ ಬಾಗಿಲಲ್ಲಿಯೇ ಕೊನೆಯ ಪರೀಕ್ಷೆ. ಚಂದ್ರನಿಂದ ಮರಳುವ ನೌಕೆ ಸೆಕೆಂಡಿಗೆ ಸುಮಾರು 11 ಕಿಲೋಮೀಟರ್ ವೇಗದಲ್ಲಿ ನಮ್ಮ ಗಾಳಿಯನ್ನು ಹೊಗುತ್ತದೆ. ಆಗ ಹುಟ್ಟುವ ಕಾವು 2,700 ಡಿಗ್ರಿಗೂ ಮಿಕ್ಕಿದುದು. ತಾನು ಸುಟ್ಟುಕೊಂಡು ಒಳಗಿನವರನ್ನು ಕಾಯುವ ಒಂದು ಕವಚ ನೌಕೆಯ ತಳಕ್ಕಿರುತ್ತದೆ. ಅಮೆರಿಕದ ಹೊಸ ‘ಆರ್ಟೆಮಿಸ್’ ಯೋಜನೆಯ ಮೊದಲ ನೌಕೆ ಮನುಷ್ಯರಿಲ್ಲದೆ ಚಂದ್ರನನ್ನು ಸುತ್ತಿ 2022 ರ ಡಿಸೆಂಬರ್ 11 ರಂದು ಸಮುದ್ರಕ್ಕೆ ಇಳಿಯಿತು. ಎಲ್ಲವೂ ಕ್ಷೇಮವೆಂದು ತೋರಿದರೂ, ಕವಚದ ಸುಟ್ಟ ಪದರ ಹಲವೆಡೆ ಎಣಿಸದ ರೀತಿಯಲ್ಲಿ ಚಕ್ಕೆಯೆದ್ದು ಹೋಗಿತ್ತು. ಒಳಗೆ ಹುಟ್ಟಿದ ಅನಿಲಕ್ಕೆ ಹೊರಹೋಗಲು ದಾರಿಯಿಲ್ಲದೆ ಹೀಗಾಯಿತೆಂದು ಕಂಡುಕೊಳ್ಳಲು 2024 ರ ಕೊನೆಯವರೆಗೂ ಶ್ರಮಿಸಿದರು. ಉಬ್ಬಿದ ರೊಟ್ಟಿ ಎಲ್ಲಿಯೂ ಹರಿಯದಿದ್ದರೆ ಉಗಿ ಒಳಗೇ ಸೇರಿ ಮೇಲಿನ ಪದರವನ್ನು ಒಡೆಯುವುದನ್ನು ನಮ್ಮ ತಾಯಂದಿರು ದಿನವೂ ಹಂಚಿನ ಮೇಲೆ ಕಾಣುತ್ತಾರಲ್ಲ, ಹಾಗೆ. ಜೀವಗಳನ್ನು ಕೂರಿಸುವ ಮುನ್ನ ಇಷ್ಟು ತಾಳ್ಮೆ ತೋರಿದ್ದು ಮೆಚ್ಚತಕ್ಕದ್ದು.

ಮರಳುವ ಈ ವಿದ್ಯೆಯನ್ನು ನಮ್ಮವರೂ ಹೆಜ್ಜೆಹೆಜ್ಜೆಯಾಗಿ ಕಲಿಯುತ್ತಿದ್ದಾರೆ. 2023 ರ ಸಪ್ಟೆಂಬರ್ 3 ರಂದು ವಿಕ್ರಮ್ ತನ್ನ ಎಂಜಿನುಗಳನ್ನು ಮತ್ತೆ ಹೊತ್ತಿಸಿಕೊಂಡು ಸುಮಾರು 40 ಸೆಂಟಿಮೀಟರ್ ಮೇಲೆದ್ದು, ಪಕ್ಕಕ್ಕೆ ಸರಿದು ಕುಳಿತಿತು. ಮೊಳಕ್ಕಿಂತ ಕಡಿಮೆಯ ಈ ಜಿಗಿತ ಮಗುವಿನ ಮೊದಲ ಹೆಜ್ಜೆಯಂತೆ. ಮರಳಿ ಏಳುವುದು ಸಾಧ್ಯವೆಂದು ಅದು ತೋರಿತು. 2025 ರ ಜನವರಿ 16 ರಂದು ಎರಡು ಪುಟ್ಟ ಉಪಗ್ರಹಗಳನ್ನು ಆಕಾಶದಲ್ಲಿ ಒಂದಕ್ಕೊಂದು ಜೋಡಿಸಿದ್ದಾಯಿತು. ಚಂದ್ರನ ಮಣ್ಣನ್ನು ತರಬೇಕಾದ ಚಂದ್ರಯಾನ-4 ಕ್ಕೆ 2024 ರ ಸಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿದೆ. ಬೆಂಗಳೂರಿನ ಮಾನವ ಬಾಹ್ಯಾಕಾಶ ಯಾನ ಕೇಂದ್ರವು ‘ಗಗನಯಾನ’ಕ್ಕಾಗಿ ನಮ್ಮ ಯಾತ್ರಿಗಳನ್ನು ಸಜ್ಜುಗೊಳಿಸುವ ಹೊಣೆ ಹೊತ್ತಿದೆ. 2040 ರ ಹೊತ್ತಿಗೆ ಭಾರತೀಯನೊಬ್ಬ ಚಂದ್ರನ ಮೇಲೆ ಕಾಲಿಡಬೇಕೆಂಬ ಗುರಿಯನ್ನು 2023 ರ ಅಕ್ಟೋಬರಿನಲ್ಲಿ ಇರಿಸಲಾಯಿತು. ಅಂದು ನಮ್ಮನ್ನು ಪ್ರಶ್ನಿಸಿದ ಬಾಲಕಿಗೆ ಆಗ ಮೂವತ್ತರ ಹರೆಯ.

ಧಾರವಾಡದ ಹೆಸರುಕಾಳು

ದೊಡ್ಡ ಯಾತ್ರೆಯ ಬುತ್ತಿಯಲ್ಲಿ ನಮ್ಮ ನೆಲದ ಕಾಳೂ ಸೇರಿದೆಯೆಂಬುದನ್ನು ಹಲವರು ಅರಿಯರು. 2025 ರ ಜೂನ್ 25 ರಂದು ಹೊರಟು ಜುಲೈ 15 ರಂದು ಮರಳಿದ ನಮ್ಮ ಶುಭಾಂಶು ಶುಕ್ಲಾ ಅವರು ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ನಡೆಸಿದ ಪ್ರಯೋಗಗಳಲ್ಲಿ ಒಂದು ಹೆಸರುಕಾಳು ಮತ್ತು ಮೆಂತ್ಯೆಯನ್ನು ಮೊಳಕೆಯೊಡೆಸುವುದು. ಇದನ್ನು ರೂಪಿಸಿದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಾ. ರವಿಕುಮಾರ ಹೊಸಮನಿ ಹಾಗೂ ಧಾರವಾಡದ ಐಐಟಿಯ ಡಾ. ಸುಧೀರ್ ಸಿದ್ದಾಪುರೆಡ್ಡಿ. ಕಾಳುಗಳಿಗೆ ನೀರುಣಿಸಿ, ಮೊಳಕೆ ಬಂದ ಬಳಿಕ ಅವನ್ನು ಶೀತಪೆಟ್ಟಿಗೆಯಲ್ಲಿ ಇರಿಸಲಾಯಿತು. ಮೇಲು ಕೆಳಗೆಂಬುದೇ ಇಲ್ಲದೆಡೆ ಬೇರು ಎತ್ತ ಚಾಚುತ್ತದೆ, ಪೋಷಕಾಂಶ ಎಷ್ಟು ಉಳಿಯುತ್ತದೆ, ಕಾಳಿನೊಂದಿಗಿರುವ ಸೂಕ್ಷ್ಮಜೀವಿಗಳು ಹೇಗೆ ಬದಲಾಗುತ್ತವೆ ಎಂಬುದರ ಶೋಧ ಇದು.

ಇದರ ಅಗತ್ಯ ಸ್ಪಷ್ಟವಾಗಿದೆ. ತೂಕವಿಲ್ಲದ ಸ್ಥಿತಿಯಲ್ಲಿ ಮನುಷ್ಯನ ಎಲುಬು ತಿಂಗಳಿಗೆ ನೂರಕ್ಕೆ ಒಂದರಷ್ಟು ಸವೆಯುತ್ತದೆ. ಡಬ್ಬಿಯ ಒಣ ಆಹಾರದಲ್ಲಿ ಜೀವಸತ್ವಗಳು ಕಾಲಕ್ರಮೇಣ ಕುಂದುತ್ತವೆ. ಮೊಳಕೆಕಾಳಿಗಾದರೋ ಹೊಲ ಬೇಡ, ಒಲೆ ಬೇಡ. ಮೂರ್ನಾಲ್ಕು ದಿನಗಳಲ್ಲಿ ತಾಜಾ ಆಹಾರ ಸಿದ್ಧ. ಸವದತ್ತಿ, ಬೈಲಹೊಂಗಲಗಳ ಎರೆಯಲ್ಲಿ ಮುಂಗಾರಿಗೆ ಬಿತ್ತಿ ಶ್ರಾವಣದಲ್ಲಿ ಬಿಡಿಸುವ ಹೆಸರು, ಕಿತ್ತೂರಿನ ಸಂತೆಯಲ್ಲಿ ಸೇರಿನಿಂದ ಅಳೆಯುತ್ತಿದ್ದ ಮೆಂತ್ಯೆ, ಇವೇ ಚಂದ್ರಲೋಕದ ದಾರಿಯ ಬುತ್ತಿಯಾಗಲಿವೆಯೆಂದರೆ ನಮ್ಮ ಅಡುಗೆಮನೆಯ ತಾಯಂದಿರು ಹೆಮ್ಮೆಪಡಬೇಕಾದ ಸಂಗತಿಯಲ್ಲವೇ?

ಗಂಜಿ ಕೇಂದ್ರದ ಒಂದು ಮಾತು

ಇಷ್ಟು ಬರೆದ ಮೇಲೆ ಒಂದು ಮಾತನ್ನು ಮರೆಮಾಚಿದರೆ ಅದು ಸತ್ಯಶುದ್ಧ ಕಾಯಕವಾಗದು. 2019 ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹರಿದು ರಾಮದುರ್ಗ ತಾಲೂಕಿನ ಹೊಳೆದಂಡೆಯ ಹಳ್ಳಿಗಳು ಮುಳುಗಿದವು. ಭಕ್ತರೊಂದಿಗೆ ನಾವೂ ಒಂದು ಗಂಜಿ ಕೇಂದ್ರದಲ್ಲಿ ದಾಸೋಹದ ಸೇವೆಗೆ ನಿಂತಿದ್ದೆವು. ಅದರ ಮರುತಿಂಗಳು, ಸಪ್ಟೆಂಬರ್ 7 ರ ನಸುಕಿನಲ್ಲಿ, ಚಂದ್ರಯಾನ-2 ರ ವಿಕ್ರಮ್ ನೆಲ ಸಮೀಪಿಸುವಾಗ ಸಂಪರ್ಕ ಕಡಿದುಹೋಯಿತು. ಆ ಸುದ್ದಿ ಕೇಳಿ ಮುದುಕಿಯೊಬ್ಬಳು, “ನಮ್ಮ ಮನೀ ಹೊಳ್ಯಾಗ ಹೋದ್ವು. ಇವರಿಗೆ ಚಂದ್ರನ ಮ್ಯಾಲ ಮನೀ ಕಟ್ಟೂ ಚಿಂತಿ ಹತ್ತೇತಿ ನೋಡ್ರೀ” ಎಂದಳು. ನಾವು ತಲೆಯಾಡಿಸಿದೆವು. ಅಂದು ನಮ್ಮ ಮನಸ್ಸೂ ಅವಳ ಪಕ್ಷವೇ ಆಗಿತ್ತು.

ಇಂದೂ ಅವಳ ಮಾತನ್ನು ನಾವು ಸುಳ್ಳೆನ್ನಲಾರೆವು. ಮನೆ ಕಳೆದುಕೊಂಡವರಿಗೆ ಮನೆಯೇ ಮೊದಲು. ಹಸಿದವನಿಗೆ ಅನ್ನವೇ ಮೊದಲು. ಆದರೆ ಅದೇ ಇಸ್ರೋದ ಉಪಗ್ರಹಗಳು ಮೇಲಿನಿಂದ ತೆಗೆದ ಚಿತ್ರಗಳೇ ನೆರೆ ಎಲ್ಲಿಯವರೆಗೆ ಹಬ್ಬಿದೆಯೆಂದು ತೋರುತ್ತವೆ, ಮಳೆಮೋಡದ ಸುಳಿವು ಕೊಡುತ್ತವೆ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಪ್ರೊಫೆಸರ್ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಪೀಣ್ಯದ ತಗಡಿನ ಶೆಡ್ಡುಗಳಲ್ಲಿ ಸಿದ್ಧವಾದ ‘ಆರ್ಯಭಟ’ 1975 ರಲ್ಲಿ ಮೇಲೇರದಿದ್ದರೆ ಇವು ನಮ್ಮ ಕೈಗೆ ಬರುತ್ತಿರಲಿಲ್ಲ. ಆ ಮುದುಕಿಯ ಮೊಮ್ಮಕ್ಕಳಿಗೆ ಹೊಳೆ ಉಕ್ಕುವ ಮುನ್ನವೇ ಎಚ್ಚರಿಕೆ ತಲುಪುವಂತಾದರೆ ಈ ವಿದ್ಯೆ ಸಾರ್ಥಕ. ತಲುಪದಿದ್ದರೆ ಅವಳ ಪ್ರಶ್ನೆ ನಿಂತೇ ಇರುತ್ತದೆ. ಎರಡನ್ನೂ ನೆನಪಿಡುವುದು ವಿಜ್ಞಾನಿಗಳ ಮತ್ತು ಆಳುವವರ ಹೊಣೆ.

ಇನ್ನೊಂದು ಪಾಠವೂ ಇದೆ. 2019 ರ ಸೋಲನ್ನು ಅವರು ಮುಚ್ಚಿಡಲಿಲ್ಲ. ಎಲ್ಲಿ ತಪ್ಪಿತೆಂದು ಒಂದೊಂದಾಗಿ ಬಿಡಿಸಿ ನೋಡಿ, ಕಾಲುಗಳನ್ನು ಬಲಪಡಿಸಿದರು, ಇಂಧನ ಹೆಚ್ಚಿಸಿದರು, ಇಳಿಯುವ ಬಯಲನ್ನು ಹಿಗ್ಗಿಸಿದರು. ಏನೇನು ಕೆಡಬಹುದೆಂಬುದನ್ನೇ ಮೊದಲು ಎಣಿಸಿ ಹೊಸ ನೌಕೆಯನ್ನು ಕಟ್ಟಿದರು. ತಪ್ಪನ್ನು ಒಪ್ಪಿ ತಿದ್ದಿಕೊಳ್ಳುವ ಈ ವಿನಯ ಪರೀಕ್ಷೆಯಲ್ಲಿ ಸೋತ ಮಕ್ಕಳಿಗೂ, ಬೆಳೆ ಕಳೆದುಕೊಂಡ ರೈತನಿಗೂ, ನಮ್ಮಂತಹ ಓದಿದವರಿಗೂ ಬೇಕಾದುದು.

ಕಳೆದ ಶ್ರಾವಣದಲ್ಲಿ ಅದೇ ಮಠಕ್ಕೆ ಹೋದಾಗ ಆ ಬಾಲಕಿಯನ್ನು ಕಾಣಲೆಂದು ವಿಚಾರಿಸಿದೆವು. ಅವಳು ಧಾರವಾಡದಲ್ಲಿ ವಿಜ್ಞಾನ ವಿಭಾಗಕ್ಕೆ ಸೇರಿದ್ದಾಳೆಂದು ತಿಳಿಯಿತು. ನಮ್ಮ ಉತ್ತರ ಅವಳಿಗೆ ಇನ್ನೂ ತಲುಪಿಲ್ಲ. ಈ ಪತ್ರಿಕೆ ಅವಳ ಮನೆಗೂ ಬರುತ್ತದೆಯಾದ್ದರಿಂದ ಇಲ್ಲಿಯೇ ಹೇಳಿಬಿಡುತ್ತೇವೆ: ತಂಗೀ, ಹೋದವರು ಮರಳಿ ಬರುತ್ತಾರೆ, ಆದರೆ ಹೊರಡುವ ಮೊದಲೇ ಮರಳುವ ಬುತ್ತಿಯನ್ನು ಕಟ್ಟಿದವರಿದ್ದರೆ ಮಾತ್ರ ಬರುತ್ತಾರೆ. ಆ ಬುತ್ತಿ ಕಟ್ಟುವ ಕೈಗಳಲ್ಲಿ ನಿನ್ನದೂ ಒಂದಾಗಲಿ, ನಿನ್ನ ಓದಿಗೆ ಗುರುಬಸವನ ಕೃಪೆಯಿರಲಿ ಎಂದು ಹಾರೈಸಿ ವಿರಮಿಸುತ್ತೇವೆ.